ಸೀಳು ಹೆಬ್ಬೆಟ್ಟು

ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದ ವಿಂಗಡಿಸಿ ನಿವೃತ್ತಳಾದವಳಿಗೆ ಕೋಳಿಕಾಲಿನ ಅಕ್ಷರ ಓದುವುದು ನೀರು ಕುಡಿದಷ್ಟು ಸಲೀಸು. ಹಾಗಾಗಿ ಅಜ್ಜಿಯ ಜಾಡು ಹಿಡಿಯುವ ಕೆಲಸ ಅವಳ ತಲೆಗೇ ಬಂತು. ಹುಡುಕಿಸುತ್ತಿದ್ದವಳು ಅಜ್ಜಿಯ ಹಿರಿಮಗಳು, ದೊಡ್ಡಮ್ಮ. ವಯಸ್ಸು ಎಂಬತ್ತಾರು, ನಾಲಿಗೆಗೆ ಮಾತ್ರ ಹದಿನಾರು.

ಅಜ್ಜಿ ಸೂಲಗಿತ್ತಿ. ಒಂದು ಬೆಳಿಗ್ಗೆ ಹೆರಿಗೆಗೆಂದು ಹೊಳೆಯಾಚೆಯ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಯಾರನ್ನೋ ನಂಬಿ ಹೋದಳೆಂದು ಬಾಯಿಗೆ ಬೀಗವಿಲ್ಲದವರು ಆಡಿಕೊಂಡರು.

"ಸಿಕ್ಕರೆ ಎರಡು ಮಾತು ಬೈಯೋಣ ಅಂತ, ಅಷ್ಟೇ" ಎನ್ನುತ್ತಿದ್ದಳು ದೊಡ್ಡಮ್ಮ. ಆದರೆ ಒಂದು ದಿನ ತಲೆ ಬಾಚಿಸಿಕೊಳ್ಳುತ್ತಾ, ಮುಖ ತೋರಿಸದೆ ಹೇಳಿದಳು: "ನನ್ನನ್ನ ಶಾಲೆಗೆ ಸೇರಿಸಿದ ಮಾರನೇ ದಿನ ಕಣೇ. ನೀನೇ ಬಿಡೋಕೆ ಬಾ ಅಂತ ಸೆರಗು ಹಿಡಿದೆ. ಬಿಡಿಸ್ಕೊಂಡು ಹೊರಟಳು. ಹೋದ್ರೆ ಹೋಗು, ವಾಪಸ್ ಬರಲೇಬೇಡ ಅಂದುಬಿಟ್ಟೆ. ಅದಕ್ಕೇ ಬರಲಿಲ್ವೋ ಏನೋ."

ಬಾಚಣಿಗೆ ಕೂದಲಲ್ಲೇ ನಿಂತಿತು.

ಹೊಳೆಯಾಚೆಯ ದಾಖಲೆ ಕೋಣೆಯಲ್ಲಿ ಮೂರು ತಿಂಗಳು ಅಜ್ಜಿಯ ಹೆಸರು ಹುಡುಕಿದ್ದಾಯಿತು. ಕೊನೆಗೆ ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ಗುಮಾಸ್ತರಿಗೇ ಅಯ್ಯೋ ಅನಿಸಿತು.

"ಸೂಲಗಿತ್ತಿಯರ ಹೆಸರು ಯಾರಮ್ಮ ಬರೀತಿದ್ರು? ಜನನದ ಪುಸ್ತಕದಲ್ಲಿ ಕೊನೇ ಕಲಂ ನೋಡಿ. ಮಗು ಹುಟ್ಟಿದ ಸುದ್ದಿ ಕೊಟ್ಟವರ ಹೆಬ್ಬೆಟ್ಟು ಇರುತ್ತೆ."

ಅಜ್ಜಿಯ ಹೆಬ್ಬೆಟ್ಟು ಮೊಮ್ಮಗಳ ಚೀಲದಲ್ಲೇ ಇತ್ತು, ದೊಡ್ಡಮ್ಮನನ್ನು ಶಾಲೆಗೆ ಸೇರಿಸಿದ ಅರ್ಜಿಯ ಮೇಲೆ. ಕುಡುಗೋಲು ತಗುಲಿದ ಹಳೆಯ ಗಾಯ ಅದನ್ನು ಅಡ್ಡಲಾಗಿ ಸೀಳಿತ್ತು. ಜನನದ ಪುಸ್ತಕದಲ್ಲಿ ಆ ಅರ್ಜಿಯ ಮಾರನೇ ದಿನದ ಪುಟ ತೆಗೆದಳು. ಅದೇ ಸೀಳು! ಪುಟದ ನೆತ್ತಿಯಲ್ಲಿ ಕೆಂಪು ಶಾಯಿ: "ಕೆಳಗಿನ ಕೇರಿಗೆ ಜ್ವರ. ಸುತ್ತ ಬೇಲಿ. ಒಳಗಿನವರು ಹೊರಬರಕೂಡದು."

ಮೂರು ವಾರದಲ್ಲಿ ಬೇಲಿಯೊಳಗೆ ಒಂಬತ್ತು ಮಕ್ಕಳು, ಒಂಬತ್ತು ಸೀಳು ಹೆಬ್ಬೆಟ್ಟು. ಹತ್ತನೆಯದು ಬೇರೆ ಯಾರದ್ದೋ, ದುಂಡಗಿತ್ತು. ಅವಳು ಅದೇ ದಿನದ ಮರಣದ ಪುಸ್ತಕ ಬಿಚ್ಚಿದಳು. "ಸೂಲಗಿತ್ತಿ. ಜ್ವರ." ಅಷ್ಟೇ.

ನಕಲು ಪ್ರತಿಯನ್ನು ದೊಡ್ಡಮ್ಮ ಎರಡು ಸಲ ಓದಿಸಿದಳು. ಆ ಗುರುತಿನ ಮೇಲೆ ತನ್ನ ಹೆಬ್ಬೆಟ್ಟು ಇಟ್ಟಳು.

"ನಾನು ಬರಬೇಡ ಅಂದಿದ್ದಕ್ಕಲ್ಲ?"

"ಅಲ್ಲ ದೊಡ್ಡಮ್ಮ. ಬಿಟ್ಟಿದ್ರೆ ಓಡಿ ಬರ್ತಿದ್ಲು."

"ಮತ್ತೆ ಎಪ್ಪತ್ತೊಂಬತ್ತು ವರ್ಷ ಬೈದೆನಲ್ಲೇ!"

"ವಿಳಾಸ ತಪ್ಪಿತ್ತು. ಒಂದೂ ತಲುಪಿಲ್ಲ ಬಿಡು."

ದೊಡ್ಡಮ್ಮ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕಾಗದವನ್ನು ಮತ್ತೆ ಅವಳ ಕೈಗೆ ತುರುಕಿದಳು.

"ಆ ಒಂಬತ್ತರಲ್ಲಿ ಯಾರಾದ್ರೂ ಇದ್ದಾರಾ ನೋಡು. ನಮ್ಮಮ್ಮನ ಕೈ ಕೊನೇ ಸಲ ಸೋಕಿದ್ದು ಅವರಿಗೇ ತಾನೆ? ಇವತ್ತೇ ಹೋಗು ಮಾರಾಯ್ತಿ. ಪಾಪ, ಅವಕ್ಕೂ ವಯಸ್ಸಾಗಿರುತ್ತೆ."