ಬದುವಿನಾಚೆಯ ಮೋಟರು

ಹಿರೇವಡ್ಡಟ್ಟಿಯಲ್ಲಿ ಉಳ್ಳಾಗಡ್ಡಿಗೆ ನೀರು ಯಾವಾಗ ಬಿಡಬೇಕೆಂದು ಕೇಳಲು ಜನ ದೇವೇಂದ್ರಪ್ಪನ ಮನೆಗೆ ಬರುತ್ತಿದ್ದರು. ಅವನು ಅವರ ಹೊಲಕ್ಕೆ ಹೋಗಿ, ಗೇಣು ಅಗೆದು, ಹಿಡಿ ಮಣ್ಣು ತೆಗೆದು ಹಿಸುಕಿ, "ಇನ್ನ ಎರಡು ದಿನ ತಡಿ" ಎಂದರೆ ಮುಗಿಯಿತು, ಮೇಲೆ ಮಾತಿಲ್ಲ. ಯಾರೂ ಕೇಳಲು ಬಾರದ ದಿನ ಅವನಿಗೆ ಊಟವೇ ರುಚಿಸುತ್ತಿರಲಿಲ್ಲ.

ಬದುವಿನಾಚೆಯ ಖಾತುನಬಿ ಮುಂಗಾರಿ ಬೆಳೆಗೆ, ಮಳೆ ಕೈಕೊಟ್ಟಾಗ, ಅವನನ್ನು ನಾಲ್ಕು ಸಲ ಕರೆದಿದ್ದಳು. ಹಿಂಗಾರಿಗೆ ಒಮ್ಮೆಯೂ ಕರೆಯಲಿಲ್ಲ. ಮುಂಗಾರಿನಲ್ಲೇ ಅವಳು ಹೊಲದ ನಡುವೆ ಬಿಳಿ ಕೊಳವೆಯೊಂದನ್ನು ಹುಗಿಸಿದ್ದಳು. ಮಣ್ಣಿನಲ್ಲಿ ತೇವ ಎಷ್ಟಿದೆ ಎಂಬುದನ್ನು ಅದು ಅವಳ ಫೋನಿಗೆ ಅಂಕಿಯಲ್ಲಿ ಕಳಿಸುತ್ತಿತ್ತು. ಅಂಕಿ ನೋಡುವುದು, ಮೋಟರು ಹಾಕುವುದು, ಅಷ್ಟೇ. ಅವಳ ಈರುಳ್ಳಿ ಪೈರು ಹಚ್ಚಗೆ ಏಳತೊಡಗಿತು. ಊರವರೂ ಈಗ ಅವಳ ಬದುವಿನ ಮೇಲೆ ನಿಂತು ಫೋನಿನಲ್ಲಿ ಇಣುಕುವವರೇ.

ದೇವೇಂದ್ರಪ್ಪನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಹೊಟ್ಟೆಕಿಚ್ಚೇ ಅದು, ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ. "ಆ ಕೊಳವಿಗೆ ಏನ್ ತಿಳೀತೈತ್ಲೇ ಮಣ್ಣಿನ ಕಥಿ?" ಎಂದು ಚಹದಂಗಡಿಯಲ್ಲಿ ನಗಾಡಿದ. ಜೊತೆಗೆ ಯಾರೂ ನಗಲಿಲ್ಲ.

ನಕ್ಕಮೇಲೆ ಅವಳ ಬಳಿ ಹೋಗಿ ಅಂಕಿ ಕೇಳುವುದೆಂತು? ಮಹಾಶಯ ಒಂದು ಉಪಾಯ ಹೂಡಿದ. ಬೀಡಿ ಸೇದುವ ನೆಪದಲ್ಲಿ ಜಾಲಿಮರದ ಕೆಳಗೆ ಕುಳಿತು, ಅವಳ ಮೋಟರು ಸದ್ದಾದ ಕೂಡಲೇ ಎದ್ದು ತನ್ನದನ್ನೂ ಹಾಕುವುದು. ಅವಳು ನಿಲ್ಲಿಸಿದರೆ ತಾನೂ ನಿಲ್ಲಿಸುವುದು. ಅವಳದು ಕರಿ ಎರೆಹೊಲ, ಒಮ್ಮೆ ಕುಡಿದರೆ ಹತ್ತು ಹನ್ನೊಂದು ದಿನ ತೇವ ಹಿಡಿದಿಡುತ್ತದೆ. ಇವನದು ಕೆಂಪು ಮಸಾರಿ, ಐದನೆಯ ದಿನಕ್ಕೆ ಒಣಗಿ ಮತ್ತೆ ನೀರು ಕೇಳುತ್ತದೆ. ಊರಿಗೆಲ್ಲ ಇದನ್ನು ಹೇಳಿಕೊಟ್ಟವನೇ ಇವನು. ಆದರೂ ಏಳನೆಯ ದಿನ ಹೆಂಡತಿ ಶೇಖವ್ವ, "ಎಲಿ ತುದಿ ಸುಟ್ಟಾವು, ನೀರು ಬಿಡ್ರಿ" ಎಂದರೆ, "ಆಕಿ ಇನ್ನೂ ಬಿಟ್ಟಿಲ್ಲ, ಸುಮ್ಕಿರು" ಎಂದು ಗದರಿದ. ಬಗ್ಗಿ ಒಂದು ಹಿಡಿ ಮಣ್ಣು ಮುಟ್ಟಲಿಲ್ಲ.

ಎರಡು ತಿಂಗಳಲ್ಲಿ ಅವನ ಬೆಳೆ ಹಳದಿಯಾಗಿ ಮಲಗಿತು. ಕಿತ್ತು ನೋಡಿದರೆ ಗಡ್ಡೆ ಗೋಲಿಗಾತ್ರ; ಬದುವಿನಾಚೆ ಮುಷ್ಟಿಗಾತ್ರ.

ಒಂದು ಬೆಳಿಗ್ಗೆ ಖಾತುನಬಿ ತಾನೇ ಬದು ದಾಟಿ ಬಂದಳು. "ಕಾಕಾ, ಬೈಬ್ಯಾಡ್ರಿ. ನನ್ನ ಮೋಟರು ಕೇಳಿ ನೀವು ನೀರು ಬಿಡಾಕತ್ತೀರಂತ ಶೇಖವ್ವಕ್ಕ ಹೇಳಿದ್ಲು. ಎರಿ ಲೆಕ್ಕ ಮಸಾರಿಗೆ ಹೆಂಗ ಆಗ್ತೈತ್ರಿ?"

"ನಿನ್ನ ಕೊಳವಿ ನನಗಿಂತ ಶಾಣ್ಯಾ ಅನಿಸ್ತು." ದೇವೇಂದ್ರಪ್ಪನ ಬಾಯಿಂದ ಖರೆ ಮಾತು ಜಾರಿಬಿಟ್ಟಿತು.

"ಅದು ಬರೇ ಅಂಕಿ ಹೇಳ್ತೈತ್ರಿ. ಯಾವ ಅಂಕಿಗೆ ನೀರು ಬಿಡಬೇಕು ಅನ್ನೂದು ಅದಕ್ಕೇನ್ ಗೊತ್ತು?" ಅವಳು ಫೋನು ಮುಂದೆ ಹಿಡಿದಳು. ತೇವದ ಏರಿಳಿತದ ನಕ್ಷೆಗೆ ಅಡ್ಡಲಾಗಿ ಒಂದು ಕೆಂಪು ಗೆರೆ ಇತ್ತು. "ಮುಂಗಾರ್ಯಾಗ ನಿಮ್ಮನ್ನ ನಾಕು ಸಲ ಕರದಿದ್ನಲ್ಲ? ನೀವು ಮಣ್ಣು ಹಿಸುಕಿ 'ಈಗ ಬಿಡು' ಅಂದಾಗೆಲ್ಲಾ ಅಂಕಿ ಬರಕೊಂಡೆ. ನಾಕೂ ಸಲ ಇಪ್ಪತ್ತಾರರ ಆಜೂಬಾಜೂ ಇತ್ತು. ಈ ಗೆರಿ ನಿಮ್ದ ಐತ್ರಿ ಕಾಕಾ."

ದೇವೇಂದ್ರಪ್ಪ ಗೆರೆ ನೋಡುತ್ತ ನಿಂತ. ಮಣ್ಣನ್ನು ಬಿಟ್ಟು ಬೇರೆ ಯಾರನ್ನೂ ಕೇಳದ, ಮುಂಗಾರಿನಲ್ಲಿ ತಾನೇ ಆಗಿದ್ದ ಆ ಮನುಷ್ಯ ಇನ್ನೂ ಖಾತುನಬಿಯ ಹೊಲದಲ್ಲಿ ಬೆಳೆ ತೆಗೆಯುತ್ತಿದ್ದ. ಅವನ ಮೇಲೆ ದೇವೇಂದ್ರಪ್ಪನಿಗೆ ಎಂದೂ ಇಲ್ಲದಷ್ಟು ಹೊಟ್ಟೆ ಉರಿಯಿತು.