ಪುಗಸಟ್ಟೆ ಲಿನಕ್ಸು, ಇನ್ನೂರ ನಲವತ್ತು ಪದ

ಪುಗಸಟ್ಟೆ ಕೊಡುವವರನ್ನು ನಾನು ನಂಬುವವಳಲ್ಲ. ತಂಬ್ರಹಳ್ಳಿಯ ಶಾಲೆಯಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿದ್ದೇನೆ. ಕೇಳದೇ ಪೇರಲಹಣ್ಣು ತಂದುಕೊಟ್ಟ ಹುಡುಗ ಅವತ್ತು ಹೋಂವರ್ಕ್ ಮಾಡಿರುವುದಿಲ್ಲ. ಹಾಗಾಗಿ ಭೀಮರಾಜ, “ಅಕ್ಕೋರ, ಈ ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದ್ಲಿ ಲಿನಕ್ಸ್ ಹಾಕಿಬಿಡ್ತೀನ್ರಿ, ಒಂದ್ ಪೈಸಾ ಖರ್ಚಿಲ್ಲ” ಎಂದಾಗ ನನ್ನ ಕಿವಿ ನೆಟ್ಟಗಾದವು.

“ಯಾರು ಮಾಡ್ಯಾರ ಅದನ್ನ?”

“ದುನಿಯಾದ ಮಂದೆಲ್ಲ ಸೇರಿ ಮಾಡ್ಯಾರ್ರಿ.”

“ಅವ್ರಿಗೇನು ಲಾಭ?”

“ಏನಿಲ್ರಿ.”

ಲಾಭವಿಲ್ಲದೆ ದುನಿಯಾದ ಮಂದಿ ದುಡಿಯುತ್ತಾರಂತೆ! ನಮ್ಮ ಓಣಿಯ ಚರಂಡಿ ಬಳಿಯಲು ನಾಲ್ಕು ಜನ ಸೇರುವುದಿಲ್ಲ.

ಆದರೆ ನನಗೂ ಬೇರೆ ದಾರಿ ಇರಲಿಲ್ಲ. ಹದಿಮೂರು ವರ್ಷದ ಲ್ಯಾಪ್‌ಟಾಪು. ಗುಂಡಿ ಒತ್ತಿ ಹೋಗಿ ಒಲೆ ಹಚ್ಚಿದರೆ ಅನ್ನ ಬೆಂದಿರುತ್ತಿತ್ತು, ಅದು ಎದ್ದಿರುತ್ತಿರಲಿಲ್ಲ. ಹೊಸ ವಿಂಡೋಸ್ ಅದಕ್ಕೆ ಹೊಂದುವುದಿಲ್ಲ ಎಂದು ಭೀಮರಾಜನೇ ನೋಡಿ ಹೇಳಿದ್ದ. ಅವನು ನನ್ನ ಹಳೆಯ ವಿದ್ಯಾರ್ಥಿ. ಈಗ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತಾನೆ.

ಆ ಲ್ಯಾಪ್‌ಟಾಪಿನೊಳಗೆ ನನ್ನ ಜೀವವಿತ್ತು. ಹೆಂಗಸರು ಬೀಸುವಾಗ, ಕಳೆ ತೆಗೆಯುವಾಗ, ಮದುವೆಯಲ್ಲಿ ಹಾಡುವ ಹಾಡುಗಳು. ನಮ್ಮ ಕಡೆ ಪದ ಅನ್ನುತ್ತೇವೆ. ಅಂಥ ಇನ್ನೂರ ನಲವತ್ತು ಪದ. ಒಂಬತ್ತು ವರ್ಷ ನೋಟುಬುಕ್ಕಿನಲ್ಲಿ ಬರೆದುಕೊಂಡು, ಆಮೇಲೆ ನುಡಿ ತಂತ್ರಾಂಶದಲ್ಲಿ ಒಂದೊಂದೇ ಅಕ್ಷರ ಕುಟ್ಟಿದ್ದೆ. ನೋಟುಬುಕ್ಕುಗಳು ಗೆದ್ದಲಿನ ಪಾಲಾದವು. ಹೆಚ್ಚುಕಡಿಮೆ ಎಲ್ಲವನ್ನೂ ಹಾಡಿದ್ದ ಪಕ್ಕೀರಮ್ಮ ಹೋದ ವರ್ಷ ತೀರಿಕೊಂಡಳು. ಇನ್ನು ಮತ್ತೆ ಬರೆದುಕೊಳ್ಳುತ್ತೇನೆಂದರೆ ಹಾಡುವವರಿಲ್ಲ. ಬುಧವಾರ ಹರಪನಹಳ್ಳಿಯ ಪ್ರೆಸ್ಸಿಗೆ ಫೈಲು ಕೊಡಬೇಕು, ಪುಸ್ತಕವಾಗಬೇಕು.

ಭೀಮರಾಜ ಆ ಪಕ್ಕೀರಮ್ಮನ ಮೊಮ್ಮಗ. ನನ್ನ ಅನುಮಾನದ ಬೇರು ಅಲ್ಲಿತ್ತು. ನಮ್ಮಜ್ಜಿ ಪದ ಎಂದು ಇವನು ಎತ್ತಿಕೊಂಡು ಹೋಗಿ ತನ್ನ ಹೆಸರಲ್ಲಿ ಅಚ್ಚು ಹಾಕಿಸಿದರೆ? ಪುಗಸಟ್ಟೆ ಬಂದಿದ್ದಾನೆ ಬೇರೆ!

ಭಾನುವಾರ ಬೆಳಿಗ್ಗೆ ಬಂದ. ಪ್ಲಗ್ಗು ಒಳಕೋಣೆಯಲ್ಲಿದೆ. ಉದ್ದನೆಯ ವೈರು ಎಳೆದು ಅವನನ್ನು ಪಡಸಾಲೆಯಲ್ಲೇ ಕೂಡಿಸಿದೆ.

“ಮೊದ್ಲು ನಿಮ್ಮ ಫೈಲೆಲ್ಲ ಪೆನ್‌ಡ್ರೈವಿಗೆ ತಕ್ಕೊಂತೀನ್ರಿ.”

“ಯಾರ ಪೆನ್‌ಡ್ರೈವು?”

“ನಂದರಿ.”

ನೋಡಿ! ನಾನು ಕುರ್ಚಿ ಎಳೆದು ಅವನ ಭುಜಕ್ಕೆ ಹತ್ತಿಕೊಂಡೇ ಕುಳಿತೆ. ಪೇಪರ್ ಓದುತ್ತಿದ್ದ ನನ್ನ ಯಜಮಾನರು, ಬೆನಕಪ್ಪನವರು, ಕನ್ನಡಕದ ಮೇಲಿಂದ ನೋಡಿದರು.

“ಅವನ್ನೇನು ಕಾಯ್ತಿ? ಹಿಟ್ಟು ಬೀಸಾಕ ಕೊಟ್ರೂ ಗಿರಣಿ ಮುಂದ ಕುಂದ್ರೋಳು ನೀನು.”

“ಅದಕ್ಕ ನಮ್ಮ ಹಿಟ್ಟು ನಮ್ಮನಿಗೇ ಬರತೈತಿ, ನೀವು ಪೇಪರ್ ಓದ್ರಿ” ಎಂದೆ.

ಪರದೆ ಕಪ್ಪಾಯಿತು, ಬಿಳಿ ಸಾಲುಗಳು ಸರಸರ ಓಡಿದವು. ಮುಕ್ಕಾಲು ಗಂಟೆಗೆಲ್ಲ ಲ್ಯಾಪ್‌ಟಾಪು ಹೊಸ ಮುಖ ತೊಟ್ಟು ಎದ್ದಿತು. ಚುರುಕಾಗಿಯೇ ಎದ್ದಿತು, ಸುಳ್ಳೇಕೆ ಹೇಳಲಿ. ಭೀಮರಾಜ ಫೈಲುಗಳನ್ನು ವಾಪಸು ಹಾಕಿ ನನ್ನ ಪುಸ್ತಕ ತೆರೆದ.

ಒಂದಕ್ಷರ ಕನ್ನಡವಿರಲಿಲ್ಲ. ಪುಟದ ತುಂಬ ಇಂಗ್ಲಿಷ್ ಅಕ್ಷರ, ಅವುಗಳ ತಲೆಗೆ ಚುಕ್ಕಿ, ಬುಡಕ್ಕೆ ಬಾಲ. ಪುಟ ತಿರುವಿದರೆ ಅದೇ.

“ನನ್ನ ಪದ ಎಲ್ಲಿಟ್ಟಿ?”

“ಇಲ್ಲೇ ಅದಾವ್ರಿ, ಅದು ಫಾಂಟು...”

“ನನಗ ಮಂಕುಬೂದಿ ಎರಚಬ್ಯಾಡ! ನಿಮ್ಮಜ್ಜಿ ಪದ ಅಂತ ಬದಲಿ ಮಾಡೀದಿ. ಚೀಲ ತೆಗಿ. ಎಲ್ಲ ಸುರುವು!”

ಬೆನಕಪ್ಪನವರು ಎದ್ದು ನಿಂತರು. “ಮರ್ಯಾದಿ ಐತೇನ ನಿನಗ? ಮನಿಗೆ ಬಂದ ಹುಡುಗನ್ನ...”

“ಇರ್ಲಿ ಬಿಡ್ರಿ ಯಜಮಾನ್ರ” ಎಂದ ಭೀಮರಾಜ. ಚೀಲ ಬೋರಲು ಹಾಕಿದ. ಬುತ್ತಿಯ ಡಬ್ಬಿ, ಎರಡು ವೈರು, ಕಾಲೇಜಿನ ಗುರುತಿನ ಚೀಟಿ ಬಿದ್ದವು. ಪೆನ್‌ಡ್ರೈವನ್ನೂ ನನ್ನ ಮುಂದಿಟ್ಟ. ಅವನ ಕಿವಿ ಕೆಂಪಾಗಿದ್ದವು, ದನಿ ಏರಲಿಲ್ಲ.

“ಅಕ್ಕೋರ, ಹಳೇ ನುಡಿಯೊಳಗ ಅಕ್ಷರ ಒಳಗಿಂದ ಇಂಗ್ಲಿಷೇ ಇರ್ತಾವ್ರಿ. ಮ್ಯಾಲೆ ಕನ್ನಡದ ಅಂಗಿ ಹಾಕಿರ್ತಾರ. ಈಗ ಹಾಕಿದ್ರಾಗ ಆ ಅಂಗಿ ಇಲ್ಲ. ಹತ್ತು ನಿಮಿಷ ಕೊಡ್ರಿ, ಎಲ್ಲಾ ಕಂಪ್ಯೂಟರ್‌ನ್ಯಾಗೂ ಕನ್ನಡಾನ ಕಾಣೋ ಯೂನಿಕೋಡಿಗೆ ತಿರುಗಿಸ್ತೀನಿ. ಆಮ್ಯಾಲೆ ಪೊಲೀಸ್ರನ್ನ ಕರಸ್ರಿ ಬೇಕಾದ್ರ.”

ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದೇ ಕುಳಿತೆ. ಅವನು ತನ್ನ ಮೊಬೈಲಿನಿಂದ ಇಂಟರ್‌ನೆಟ್ ಕೊಟ್ಟು ಏನೋ ಇಳಿಸಿದ, ಏನೋ ಒತ್ತಿದ. ಪುಟ ಮಿಟುಕಿತು.

ಕಲ್ಲೀನ ಬಾಯಾಗ ಜ್ವಾಳದ ಹಾಡೈತಿ
ಸೊಲ್ಲೊಂದ ಎತ್ತವ್ವ ನೆಗೆಣ್ಣಿ...

ಅಯ್ಯೋ ಶಿವನೇ! ಕಣ್ಣೀರು ತಾನೇ ಬಂತು. ಭೀಮರಾಜ ಆ ಸಾಲನ್ನು ಬಾಯೊಳಗೇ ಗುನುಗಿದ, ಪಕ್ಕೀರಮ್ಮ ಎಳೆಯುತ್ತಿದ್ದ ಧಾಟಿಯಲ್ಲೇ. ನನಗೆ ತಲೆ ಎತ್ತಲಾಗಲಿಲ್ಲ.

“ಇನ್ನೂ ಅನುಮಾನ ಇರ್ತೈತಿ ನಿಮಗ” ಎಂದ, ಕುಹಕವೇನೂ ಇಲ್ಲದೆ. “ಎಲ್ಲ ಸರಿ ಬಂದೈತೋ ಇಲ್ಲೋ, ಹೆಸರು ಹುಡುಕಿ ನೋಡೋಣ್ರಿ.”

‘ತಂಬ್ರಹಳ್ಳಿ’ ಒತ್ತಿದ. ಹದಿನಾಲ್ಕು ಕಡೆ ಸಿಕ್ಕಿತು. ‘ಬೆನಕಪ್ಪ’ ಒತ್ತಿದ. ಮುಖಪುಟದಲ್ಲಿ, ಕೃತಜ್ಞತೆಯ ಪುಟದಲ್ಲಿ ಸಿಕ್ಕಿತು. ಯಜಮಾನರು ಮೀಸೆಯಲ್ಲೇ ನಕ್ಕರು. ಆಮೇಲೆ ಅವನು ‘ಪಕ್ಕೀರಮ್ಮ’ ಎಂದು ಒತ್ತಿದ.

ಸಿಗಲಿಲ್ಲ.

ಮತ್ತೊಮ್ಮೆ ಒತ್ತಿದ. ಸಿಗಲಿಲ್ಲ.

“ಥೋ, ಇದೊಂದ ಹೆಸರು ಕೆಟ್ಟೈತಿ ನೋಡ್ರಿ” ಎಂದು ತನ್ನನ್ನೇ ಬೈದುಕೊಂಡ. “ತಿರುಗಿಸೋದ್ರಾಗ ಎಲ್ಲೋ ನಾನೇ ತಪ್ಪು ಮಾಡೀನಿ. ಪುಟ ಪುಟ ನೋಡಿ ಸರಿ ಮಾಡೇ ಹೋಗ್ತೀನ್ರಿ, ಸಂಜಿ ಆದ್ರೂ ಆತು.”

ತಪ್ಪು ಅವನದೆಂದು ಬಿಟ್ಟಿದ್ದರೆ ನಡೆದುಹೋಗುತ್ತಿತ್ತು. ಆದರೆ ಅವನಾಗಲೇ ಮೊದಲ ಪುಟದಿಂದ, ಬೆರಳಿಟ್ಟು, ಸಾಲುಸಾಲಾಗಿ ನೋಡತೊಡಗಿದ್ದ.

“ನೀ ತಪ್ಪು ಮಾಡಿಲ್ಲಪ್ಪ” ಎಂದೆ. “ನಾನೇ ಬರದಿಲ್ಲ.”

ಅವನು ತಿರುಗಿ ನೋಡಿದ. “ಎಲ್ಲೂ?”

“ಜನಪದಕ್ಕ ಹೆಸರು ಇರಂಗಿಲ್ಲ ಅಂತಾರ...” ತರಗತಿಯಲ್ಲಿ ಎಷ್ಟೋ ಸಲ ಹೇಳಿದ ಮಾತು, ಅರ್ಧಕ್ಕೇ ನಿಂತಿತು.

ಅವನು ಮುಖಪುಟಕ್ಕೆ ಹೋದ. ದಪ್ಪಕ್ಷರದಲ್ಲಿ ನನ್ನ ಹೆಸರಿತ್ತು: ಶ್ರೀಮತಿ ನಾಗಲಿಂಗಮ್ಮ ಬೆನಕಪ್ಪ.

“ಇದು ಐತಲ್ರಿ” ಎಂದ.

ಬೆನಕಪ್ಪನವರು ನನ್ನ ಕಡೆ ನೋಡಲಿಲ್ಲ. ಅಷ್ಟು ನಾಚಿಕೆ ಜೀವಮಾನದಲ್ಲಿ ಆಗಿರಲಿಲ್ಲ ನನಗೆ. ಮುಷ್ಟಿ ಬಿಚ್ಚಿ ಪೆನ್‌ಡ್ರೈವನ್ನು ಅವನ ಮುಂದಿಟ್ಟೆ.

“ಅದರ ಮ್ಯಾಲೆ ಬರಿಯಪ್ಪ” ಎಂದೆ. “ಹಾಡಿದಾಕಿ ಪಕ್ಕೀರಮ್ಮ ಅಂತ ಬರಿ.”

ಭೀಮರಾಜ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ.

“ನೀವ ಬರೀರಿ ಅಕ್ಕೋರ.”