ಅಜ್ಜಿಯ ಬಾಯಲ್ಲಿ ಹಿರಿಮಗಳು

ಬಹಳ ಬಹಳ ಹಿಂದೆ, ಅಜ್ಜಿಯಂದಿರಿಗೂ ಬಾಯಿ ತುಂಬ ಹಲ್ಲಿದ್ದ ಕಾಲದಲ್ಲಿ, ಒಬ್ಬ ರಾಜನಿಗೆ ಇಬ್ಬರು ಹೆಣ್ಣುಮಕ್ಕಳಿದ್ದರಂತೆ. ರಾಜನಿಗೆ ಕಣ್ಣು ಹೋಯಿತು. ಏಳು ಬೆಟ್ಟದಾಚೆಯ ಕೊಳದ ನೀರು ಹಚ್ಚಿದರೆ ಮಾತ್ರ ಬರುತ್ತದೆ ಎಂದರು. ಹೊರಟವಳು ಯಾರು? ಹಿರಿಮಗಳು. ದಾರಿಗೆ ಅಡ್ಡ ಕೂತ ರಕ್ಕಸಿಯ ಜಡೆ ಹಿಡಿದು ಜಗ್ಗಿದವಳು ಯಾರು? ಹಿರಿಮಗಳು. ಇನ್ನೊಬ್ಬಳು ಎಲ್ಲಿ ಹೋದಳೋ, ಏನು ಮಾಡಿದಳೋ, ಕತೆಯಲ್ಲಿ ಅವಳ ಸುದ್ದಿಯೇ ಇಲ್ಲ.

ಈ ಕತೆ ಹೇಳುತ್ತಿದ್ದ ಅಜ್ಜಿಗೂ ಇಬ್ಬರು ಮೊಮ್ಮಕ್ಕಳು. ಅವರು ಹುಟ್ಟುವ ಹೊತ್ತಿಗೇ ಅಜ್ಜಿಯ ಬಾಯಿ ಬೋಳಾಗಿತ್ತು. ಒಮ್ಮೆ ಹಾಕಿಸಿಕೊಂಡ ಹಲ್ಲಿನ ಸೆಟ್ಟು ಮೂರೇ ದಿನಕ್ಕೆ ಅಂಗುಳನ್ನು ಕೆಂಡದಂತೆ ಉರಿಸಿ, ಗುಂಡಿ ಸೂಜಿಗಳ ಡಬ್ಬಿ ಸೇರಿತ್ತು. ಸಕ್ಕರೆ ‘ಹಕ್ಕರೆ’ಯಾಗಿ, ಸೊಸೆ ‘ಹೊಹೆ’ಯಾಗಿ ಬರುತ್ತಿದ್ದವು. ಮಕ್ಕಳು ಕಿವಿಯಲ್ಲೇ ತಿದ್ದಿಕೊಂಡು ಕತೆ ಕೇಳುತ್ತಿದ್ದರು.

ಏಳು ವರ್ಷದ ಕಿರಿಯವಳಿಗೆ ಮಾತ್ರ ಕತೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹಿರಿಮಗಳು ಗೆದ್ದಾಗಲೆಲ್ಲ ಪಕ್ಕದಲ್ಲಿ ಮಲಗಿದ ಅಕ್ಕ ಕಾಲಿನಿಂದ ತಿವಿಯುತ್ತಿದ್ದಳು. ಒಂದು ದಿನ ಕಿರಿಯವಳು ಎದ್ದು ಕೂತು ಹೇಳಿಯೇಬಿಟ್ಟಳು: “ಅಜ್ಜಿ, ದೊಡ್ಡವಳಾದ ಮೇಲೆ ನಿಂಗೆ ಉರಿಯದ ಹಲ್ಲು ಮಾಡ್ಕೊಡ್ತೀನಿ. ಅಕ್ಕ ಅಲ್ಲ. ನಾನು!”

“ಆಗ್ಲಿ ತಾಯಿ. ಅಲ್ಲಿವರೆಗೂ ನಾನು ಹಾಯಲ್ಲ,” ಎಂದಳು ಅಜ್ಜಿ.

ಅಕ್ಕ ಹಲ್ಲಿನ ಡಾಕ್ಟರಾದಳು. ದಂತ ಕಾಲೇಜಿನ ಮೇಲಿನ ಮಹಡಿಯಲ್ಲಿ, ದೊಡ್ಡ ಕಿಟಕಿಯ ಪಕ್ಕ ಅವಳ ಕುರ್ಚಿ. ‘ಎಂಥಾ ಕೈಗುಣ’ ಎನ್ನುತ್ತ ರೋಗಿಗಳು ಇಳಿದು ಹೋಗುತ್ತಿದ್ದರು. ಅದೇ ಕಟ್ಟಡದ ನೆಲಮಾಳಿಗೆಯ ಪ್ರಯೋಗಶಾಲೆಯಲ್ಲಿ ತಂಗಿ. ಹಲ್ಲಿನ ಸೆಟ್ಟಿನ ಗುಲಾಬಿ ಮಿಶ್ರಣದಿಂದ ನಾಣ್ಯದಷ್ಟು ಬಿಲ್ಲೆಗಳನ್ನು ಮಾಡುವುದು, ಮೈಬಿಸಿಯ ನೀರಿನಲ್ಲಿ ನೆನೆಸುವುದು, ಬಾಯಲ್ಲಿ ಬೆಳೆಯುವ ಬೂಷ್ಟನ್ನು ಅವುಗಳ ಮೇಲೆ ಬಿಟ್ಟು ಎಷ್ಟು ಅಂಟಿತು ಎಂದು ಎಣಿಸುವುದು, ಕೊನೆಗೆ ಯಂತ್ರಕ್ಕೆ ಕೊಟ್ಟು ಮುರಿಯುವುದು. ಎಲ್ಲರ ಬಾಯಲ್ಲೂ ಅವಳು ‘ಬಿಲ್ಲೆ ಮೇಡಂ’. ಯಾರಾದರೂ “ಓ, ಡಾಕ್ಟರ ತಂಗಿ ಅಲ್ವಾ?” ಎಂದರೆ ಆ ದಿನ ಎರಡು ಬಿಲ್ಲೆ ಹೆಚ್ಚಿಗೆ ಮುರಿಯುತ್ತಿದ್ದವು.

ಒಂಬತ್ತು ವರ್ಷದ ಮೇಲೆ, ಬೂಷ್ಟು ಕಾಲೂರಲಾಗದೆ ಜಾರಿಬೀಳುವ ಒಂದು ಮಿಶ್ರಣ ಅವಳ ಕೈಗೆ ದಕ್ಕಿತು. ಹನ್ನೆರಡು ಜನರ ಬಾಯಲ್ಲಿ ಪರೀಕ್ಷಿಸಲು ಕಾಲೇಜಿನ ಸಮಿತಿ ಒಪ್ಪಿತು. ಹನ್ನೊಂದು ಬಾಯಿ ಮುಗಿದವು. ಹನ್ನೆರಡನೆಯದು ಅಜ್ಜಿಯದು.

ಆದರೆ ಬಾಯಿಯ ಅಚ್ಚು ತೆಗೆಯುವುದು ಡಾಕ್ಟರ ಕೆಲಸ. ಅಕ್ಕ ತೆಗೆದಳು. ಅಜ್ಜಿ ಬಾಯಿ ಒರೆಸಿಕೊಂಡು, “ಹೂವಿಟ್ಟ ಹಾಗಾಯ್ತಲ್ಲೇ! ಹಲ್ಲೂ ನೀನೇ ಕೂರಿಹು,” ಎಂದಳು.

“ಭಾನುವಾರ ಬಂದು ಕೂರಿಸ್ತೀನಜ್ಜಿ,” ಎಂದಳು ಅಕ್ಕ.

ತಂಗಿಯ ಮುಖ ಸಣ್ಣಗಾಯಿತು. ಬೆಟ್ಟ ಹತ್ತಿದವಳು ತಾನು, ನೀರು ಹಚ್ಚುವವಳು ಇವಳೇ? ಶನಿವಾರವೇ ಮುಗಿಸಿ, ಅಕ್ಕ ಬರುವಷ್ಟರಲ್ಲಿ ಅಜ್ಜಿಯ ಬಾಯಲ್ಲಿ ಹಲ್ಲು ನಗುತ್ತಿರಬೇಕು ಎಂದುಕೊಂಡಳು.

ಪುಡಿಗೆ ದ್ರವ ಬೆರೆಸಿ, ಹಿಟ್ಟಿನ ಹದಕ್ಕೆ ಬಂದ ಮೇಲೆ ಅಚ್ಚಿಗೆ ತುಂಬಿ, ಬೆಚ್ಚನೆ ನೀರಿನಲ್ಲಿ ಒಂಬತ್ತು ಗಂಟೆ ಇಟ್ಟು ನಿಧಾನವಾಗಿ ಗಟ್ಟಿ ಮಾಡಬೇಕು. ವಿದ್ಯಾರ್ಥಿಗಳಿಗೆ ಅದನ್ನು ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಆ ಶನಿವಾರ ಬೆಳಿಗ್ಗೆ ಅವಳೇ ಅಚ್ಚನ್ನು ನೇರವಾಗಿ ಕುದಿಯುವ ನೀರಿಗೆ ಇಳಿಸಿದಳು.

ಮಧ್ಯಾಹ್ನ ಒಡೆದು ನೋಡಿದರೆ, ಅಂಗುಳಿನ ದಪ್ಪ ಭಾಗದ ಒಳಗೆಲ್ಲ ಸಾಸಿವೆಯಂಥ ಗುಳ್ಳೆಗಳು. ದ್ರವ ಒಳಗೇ ಕುದಿದುಬಿಟ್ಟಿತ್ತು. ಗುಳ್ಳೆ ಎಂದರೆ ಬೂಷ್ಟಿಗೆ ಕಟ್ಟಿಕೊಟ್ಟ ಮನೆ. ಅಚ್ಚೂ ಚೂರುಚೂರಾಗಿತ್ತು.

ಉಜ್ಜಿ ಹೊಳಪು ಕೊಟ್ಟರೆ ಯಾರಿಗೂ ಕಾಣದು. ಅಕ್ಕನೇ ಕೂರಿಸಲಿ. ಉರಿದರೆ ಆ ಕೈಗುಣಕ್ಕೇ ಹೆಸರು ಬರಲಿ! ಈ ಯೋಚನೆ ಬಂದದ್ದಷ್ಟೇ ಅಲ್ಲ, ಬಂದು ಕಾಲು ಚಾಚಿ ಕೂತಿತು. ಅವಳು ಉಜ್ಜುವ ಚಕ್ರವನ್ನೂ ಓಡಿಸಿದಳು. ಸೆಟ್ಟನ್ನು ಹಿಡಿದ ಹೆಬ್ಬೆರಳಿಗೆ ಅಂಗುಳಿನ ನಡುವಿನ ಏಣು ತಾಗಿತು. ಅಜ್ಜಿಯದೇ ಏಣು. ಕತೆಯಲ್ಲಿ ರಕ್ಕಸಿ ಬಂದಾಗ ಅಜ್ಜಿ ನಾಲಿಗೆಯಿಂದ ‘ಟಕ್’ ಎನ್ನಿಸುತ್ತಿದ್ದದ್ದು ಅಲ್ಲಿಗೇ ಬಡಿದು.

ಚಕ್ರ ನಿಲ್ಲಿಸಿದಳು. ಸೆಟ್ಟನ್ನು ಬಿಲ್ಲೆ ಮುರಿಯುವ ಯಂತ್ರಕ್ಕೆ ಕೊಟ್ಟಳು. ಬಿಲ್ಲೆಗಿಂತ ಬೇಗ ಮುರಿಯಿತು.

ಮೇಲಿನ ಮಹಡಿಗೆ ಹತ್ತುವಾಗ ಒಂದೊಂದು ಮೆಟ್ಟಿಲೂ ಒಂದೊಂದು ಬೆಟ್ಟ.

ಅಕ್ಕ ಚೂರುಗಳನ್ನು ಬೆಳಕಿಗೆ ಹಿಡಿದಳು. “ಕುದಿಯೋ ನೀರಿಗೆ ಹಾಕಿದ್ಯಾ?”

“ಹೂಂ.”

“ನೀನಾ?”

“ನಿನಗಿಂತ ಮುಂಚೆ ಮುಗಿಸೋಣ ಅಂತ.” ಸುಳ್ಳು ಹೇಳಲು ಶಕ್ತಿಯೇ ಉಳಿದಿರಲಿಲ್ಲ. “ಉಜ್ಜಿ ಕೊಟ್ಟು, ನಿನ್ನ ಮೇಲೆ ಹಾಕೋಣ ಅಂತಾನೂ ಅಂದ್ಕೊಂಡೆ.”

ಅಕ್ಕ ಚೂರುಗಳನ್ನು ಮೇಜಿನ ಮೇಲಿಟ್ಟಳು. ಆಮೇಲೆ ಡ್ರಾಯರ್ ಎಳೆದಳು. ಹತ್ತಿಯಲ್ಲಿ ಸುತ್ತಿಟ್ಟ ಇನ್ನೊಂದು ಅಚ್ಚು! “ಎರಡು ತೆಗೆದಿಟ್ಟಿದ್ದೆ. ನಿನ್ನ ಆತುರ ನಂಗೆ ಗೊತ್ತಿಲ್ವಾ?”

ತಂಗಿಗೆ ಅಳು ಬರಬೇಕಿತ್ತು, ಮೈ ಉರಿಯಿತು. “ಇದಕ್ಕೇ ನಿನ್ನ ಕಂಡ್ರೆ ನಂಗಾಗಲ್ಲ! ಎಲ್ಲದರಲ್ಲೂ ನೀನೇ ಹಿರಿಮಗಳು!”

“ನಾನಾ?” ಅಕ್ಕನ ದನಿಯೂ ಏರಿತು. “ಡಿಗ್ರಿ ಬಂದ ದಿನವೇ ಕೇಳಿದೆ, ಬಾ ಅಜ್ಜಿ ಹಲ್ಲು ಕಟ್ಟಿಸ್ತೀನಿ ಅಂತ. ಬಾಯೇ ತೆಗೀಲಿಲ್ಲ. ಚಿಕ್ಕವಳು ಮಾಡ್ಕೊಡ್ತೀನಿ ಅಂದಿದ್ದಾಳೆ ಅಂದ್ಲು. ಊರಿನ ಬಾಯೆಲ್ಲ ನನ್ನ ಕೈಲಿದೆ, ನಮ್ಮಜ್ಜಿ ಬಾಯಿ ಮಾತ್ರ ನಿಂಗೆ ಮೀಸಲು. ನಂಗೆ ಹೊಟ್ಟೆ ಉರಿದಿಲ್ಲ ಅಂದ್ಕೊಂಡ್ಯಾ?”

ತಂಗಿ ಅಚ್ಚನ್ನು ಎದೆಗವಚಿ ಕೆಳಗಿಳಿದಳು. ಈ ಸಲ ಹಲ್ಲು ಜೋಡಿಸಿ, ಹದ ಕಾದು, ಬೆಚ್ಚನೆ ನೀರಿನ ಮುಂದೆ ಒಂಬತ್ತು ಗಂಟೆ ಕೂತಳು.

ಮುಂದಿನ ಭಾನುವಾರ ತಂಗಿಯೇ ಕೂರಿಸಿದಳು. ಅಕ್ಕ ಕನ್ನಡಿ ಹಿಡಿದಳು. ಅಜ್ಜಿ ಕನ್ನಡಿಯಲ್ಲಿ ಹಲ್ಲು ಕಿರಿದು, “ಯಾರೇ ಇವಳು, ಇಷ್ಟು ಸೊಕ್ಕಿನವಳು!” ಎಂದಳು.

“ಇನ್ನೂ ಮಾತಾಡು. ‘ಸ’ ಸರಿಯಾಗಿ ಬರುತ್ತಾ ನೋಡ್ಬೇಕು,” ಎಂದಳು ಅಕ್ಕ. “ಕತೆ ಹೇಳು.”

ಅಜ್ಜಿ ಶುರು ಮಾಡಿದಳು. ರಾಜನ ಕಣ್ಣು ಹೋಯಿತು. ಏಳು ಬೆಟ್ಟ ಬಂತು. “ಹೊರಟವಳು ಯಾರು? ಸಿರಿಮಗಳು.”

“ತಪ್ಪಿತು, ಹಿರಿಮಗಳು,” ಎಂದಳು ತಂಗಿ.

“ನನ್ನ ಕತೆ ನಂಗೇ ಹೇಳ್ಕೊಡ್ತೀಯಾ? ಸಿರಿ ಕಣೆ. ಅವಳ ಹೆಸರು ಸಿರಿ.”

ಹಕ್ಕರೆಯನ್ನು ತಿದ್ದಿಕೊಂಡಿದ್ದರು, ಹೊಹೆಯನ್ನು ತಿದ್ದಿಕೊಂಡಿದ್ದರು. ಹಿರಿಮಗಳು ಎಂದರೇ ಅರ್ಥವಾಗುತ್ತಿತ್ತಲ್ಲ, ಅವಳನ್ನು ಯಾರೂ ತಿದ್ದಿರಲಿಲ್ಲ.

“ಹಾಗಾದ್ರೆ ಅವಳು ದೊಡ್ಡವಳಾ, ಚಿಕ್ಕವಳಾ?” ಎಂದಳು ತಂಗಿ.

“ಅದ್ಯಾರಿಗೆ ಗೊತ್ತು? ನಮ್ಮಜ್ಜಿ ಹೇಳಲಿಲ್ಲ, ನಾನು ಕೇಳಲಿಲ್ಲ.”

“ಅಂದ್ರೆ, ಇಷ್ಟು ವರ್ಷ ನಾನು ರಕ್ಕಸಿ ಜಡೆ ಜಗ್ಗಿದ್ದೆಲ್ಲ ದಂಡವಾ?” ಎಂದಳು ಅಕ್ಕ. ಮೊದಲು ನಕ್ಕವಳು ತಂಗಿ.

ಏಳು ದಿನ ಕಳೆದವು. ಎಂಟನೆಯ ದಿನ ತಂಗಿ ಸೆಟ್ಟು ತೆಗೆಸಿ ಟಾರ್ಚು ಬಿಟ್ಟಳು. ಅಕ್ಕ ಕೆನ್ನೆ ಸರಿಸಿ ಹಿಡಿದಳು. ಅಂಗುಳು ಎಳೆ ಮಗುವಿನದರಂತೆ ತಿಳಿಗೆಂಪಗಿತ್ತು. ಎಲ್ಲೂ ಹುಣ್ಣಿಲ್ಲ.

“ಉರಿ ಇದ್ಯಾ ಅಜ್ಜಿ?”

“ಇಲ್ಲ. ನಿಂಗೆ?”

ತಂಗಿ ಅಕ್ಕನ ಕಡೆ ನೋಡಿದಳು. “ಸ್ವಲ್ಪ ಇದೆ,” ಎಂದು, ಸೆಟ್ಟನ್ನು ತೊಳೆದು ಅಜ್ಜಿಯ ಬಾಯಿಗೆ ಕೂರಿಸಿದಳು.